ಗಾಜಿನ ಪೆಟ್ಟಿಗೆಯೊಳಗಿನ ಬನ

ಹಿರೇಕೊಡಿಗೆ
14 ನವೆಂಬರ್ 2006

ಚಿ. ನಿಶ್ಚಿತಾ,

ನಿನಗಿರುವ ಒಬ್ಬನೇ ಸೋದರಮಾವ, ಇದ್ದವರಲ್ಲಿ ಅತಿ ಬುದ್ಧಿವಂತನೂ ಆದ ಕೃಷ್ಣಪ್ಪನ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಆರಾಮ. ನಿನ್ನ ಹಾವು ನಮಗಿಂತ ಆರಾಮ.

ಮಂಗಳೂರಿನಲ್ಲಿ ಹೊಸ ಬಾಡಿಗೆ ಮನೆ ಸಿಕ್ಕಿತು, ಈ ಮನೆಯವರಿಗೆ ಹಾವಿನ ಭಯವಿಲ್ಲ, ತಿಂಗಳ ಕೊನೆಗೆ ಬಂದು ರೂಬಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ನೀನು ಬರೆದಿದ್ದೆ. ಉತ್ತರ ತಡವಾದದ್ದಕ್ಕೆ ಬೇಸರ ಮಾಡಬೇಡ. ಫೋನ್ ಮಾಡೋಣವೆಂದರೆ ಫೋನ್ ಇರುವುದು ಹಾವಿನ ಪೆಟ್ಟಿಗೆಯ ಪಕ್ಕ, ಪೆಟ್ಟಿಗೆಯ ಪಕ್ಕ ಯಾವಾಗಲೂ ನಿನ್ನ ಸರೋಜತ್ತೆ. ಅವಳ ಎದುರು ಈ ಮಾತು ಆಡುವಂತಿಲ್ಲ. ನೇರವಾಗಿ ಕೇಳುತ್ತೇನೆ, ಹಾವನ್ನು ಇಲ್ಲೇ ಬಿಟ್ಟುಬಿಡು. ಈಗಲೇ ಇಲ್ಲವೆನ್ನಬೇಡ, ಪೂರ್ತಿ ಓದು.

ನೀನು ಮೇ ತಿಂಗಳಲ್ಲಿ ಪೆಟ್ಟಿಗೆ ಇಳಿಸಿ ಹೋದಾಗ ಒಳಗೆ ಇದ್ದದ್ದು ಪೇಪರಿನ ಹಾಸು, ನೀರಿನ ಬಟ್ಟಲು, ಎರಡು ಪ್ಲಾಸ್ಟಿಕ್ ಗಿಡ. ನನಗೆ ನಾಚಿಕೆಯಾಯಿತು. ಅಮೆರಿಕದ ಜಾತಿಯ ಹಾವು ನನ್ನಂಥವನ ಮನೆಗೆ ಬಂದು ಪ್ಲಾಸ್ಟಿಕ್ ಎಲೆಯಡಿ ಮಲಗುವುದೇ? ನೀನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು, ನಾನು ಏಳನೇ ಕ್ಲಾಸು. ಆದರೆ ಗಿಡದ ವಿಷಯದಲ್ಲಿ ನನ್ನನ್ನು ಮೀರಿಸುವವರು ಕೊಪ್ಪದಿಂದ ಶೃಂಗೇರಿಯವರೆಗೆ ಇಲ್ಲ. ಇದನ್ನು ನಾನೇ ಹೇಳಬೇಕಾಗಿದೆ, ಬೇರೆ ಯಾರೂ ಹೇಳುತ್ತಿಲ್ಲ.

ಹಳ್ಳದ ಬದಿಯಿಂದ ಜರಿಗಿಡ, ಪಾಚಿ, ಒಂದೆಲಗ ಕಿತ್ತು ತಂದೆ. ತೋಟದ ಕಪ್ಪು ಮಣ್ಣು ತುಂಬಿಸಿದೆ. ಮೇಲಿಂದ ಎರಡು ಬೊಗಸೆ ಹಟ್ಟಿ ಗೊಬ್ಬರ, ಒಂದು ಚೊಂಬು ನೀರು. ಕಾಡೇ ಮನೆಯೊಳಗೆ ಬಂದು ಕೂತ ಹಾಗಿತ್ತು. ಬೆಳಗಾಗುವಾಗ ಕಾಡಿನ ನೆಂಟರೂ ಬಂದಿದ್ದರು. ಗಾಜಿನ ಮೇಲೆ ರಕ್ತ ಹೀರುವ ಇಂಬಳಗಳು ತಲೆಯೆತ್ತಿ ಓಲಾಡುತ್ತಿದ್ದವು, ಮಣ್ಣಿನ ತುಂಬ ಕೆಂಪಿರುವೆ. ರೂಬಿ ನೀರಿನ ಬಟ್ಟಲಲ್ಲಿ ಸುರುಳಿ ಸುತ್ತಿ ಕೂತು, ಇವನ ಕೈಗೆ ಯಾರು ಕೊಟ್ಟರಪ್ಪ ಎನ್ನುವಂತೆ ನನ್ನನ್ನೇ ನೋಡುತ್ತಿತ್ತು.

ಅಲ್ಲಿಯವರೆಗೆ ಸರೋಜ ಪೆಟ್ಟಿಗೆಯ ಹತ್ತಿರ ಬಂದವಳಲ್ಲ. ನೀನು ಅದನ್ನು ಇಳಿಸಿದ ದಿನ ಮುಖ ಬಿಳುಚಿಕೊಂಡು ಒಳಗೆ ಹೋದದ್ದು ನೆನಪಿರಬಹುದು. ಇಂಬಳ ಕಂಡ ಈ ಬೆಳಿಗ್ಗೆಯೂ ಬಾಗಿಲಲ್ಲೇ ನಿಂತು, "ಸಾಯ್ತದೆ ಅದು. ಗೊಬ್ಬರ ಹಾಕೋಕೆ ಅದೆಂತ ಬದನೆ ಗಿಡವ?" ಅಂದಳು.

"ನಿಂಗೆಂತ ಗೊತ್ತು ಹಾವಿನ ವಿಷಯ?" ಅಂದೆ.

"ಹಾವಿನ ವಿಷಯ ನನಗೆ ಬೇಡ. ಗಿಡದ್ದು ಗೊತ್ತು. ನೀವು ಏಳಿ ಆಚೆ."

ಹಾವನ್ನು ದಿಂಬಿನ ಚೀಲಕ್ಕೆ ಇಳಿಸಿದವನು ನಾನೇ. ಮೈ ಬೆವರಿದ್ದು ಸೆಕೆಗೆ. ಅವಳು ಮಣ್ಣನ್ನೆಲ್ಲ ಹೊರಗೆ ಸುರಿದು, ಪೇಪರು ಹಾಸಿ, ನನ್ನಿಂದ ಹಾವನ್ನು ಮತ್ತೆ ಒಳಗೆ ಬಿಡಿಸಿದಳು; ಅದು ಪುನಃ ಬಟ್ಟಲಿಗೇ ಹತ್ತಿತು. ಗಿಡಗಳ ಬೇರು ತೊಳೆದು, ತೆಂಗಿನ ಚಿಪ್ಪುಗಳಲ್ಲಿ ನೆಟ್ಟು, ಹುಳಹುಪ್ಪಟೆ ಒಂದೂ ಉಳಿದಿಲ್ಲವೆಂದು ಖಾತ್ರಿಯಾಗುವ ತನಕ ಜಗುಲಿಯಲ್ಲೇ ಇಟ್ಟಳು. ಆಮೇಲೆ ಮರಳು, ಒಣಗಿದ ತರಗೆಲೆ ಹರಡಿ ಅದರೊಳಗೆ ಚಿಪ್ಪುಗಳನ್ನು ಹುದುಗಿಸಿದಳು. ನೀರು ಚಿಪ್ಪಿಗೆ ಮಾತ್ರ, ಅದೂ ಚಮಚದಲ್ಲಿ. "ಮಲಗೋ ಜಾಗ ಒದ್ದೆ ಇರಬಾರ್ದು, ಯಾರಿಗಾದ್ರೂ ಅಷ್ಟೆ," ಅಂದಳು. ಹಾವು ಬಟ್ಟಲಿನಿಂದ ಇಳಿಯಿತು, ಇಲಿ ನುಂಗಿತು, ಪೊರೆಯನ್ನು ಹರಿಯದ ಹಾಗೆ ಇಡಿಯಾಗಿ ಬಿಟ್ಟಿತು. ರೂಬಿ ಎನ್ನುವುದು ಅವಳ ನಾಲಿಗೆಗೆ ಬರುವುದಿಲ್ಲ. ಕೆಂಪಿ ಎನ್ನುತ್ತಾಳೆ, ಕರುವನ್ನು ಕರೆದ ಹಾಗೆ.

ತೋಟದ ಕೆಲಸಕ್ಕೆ ಬರುವ ಯಲ್ಲಕ್ಕ ಇದನ್ನೆಲ್ಲ ನೋಡಿ ಗಾಜಿಗೆ ಅರಿಶಿನ ಕುಂಕುಮ ಹಚ್ಚಿದಳು. "ಹಾವು, ಗಿಡ ಒಟ್ಟಿಗಿದ್ರೆ ನಾಗಬನ ಅಲ್ವ ಅಮ್ಮ? ಇನ್ನು ಕತ್ತಿ ತಾಗಿಸಬಾರ್ದು." ಬನದ ಒಂದು ಕಡ್ಡಿಯನ್ನೂ ಕಡಿಯದ ಊರು ನಮ್ಮದು. ಇದು ವಿಮಾನದಲ್ಲಿ ಬಂದ ಜಾತಿ, ನಮ್ಮ ಕಾಯಿದೆ ಇದಕ್ಕೆ ನಡೆಯುವುದಿಲ್ಲ ಎಂದು ನಾನು ವಾದಿಸಿದೆ. ಸರೋಜ ನನ್ನ ಕೈಯಿಂದ ಕತ್ತರಿ ಕಸಿದುಕೊಂಡಳು.

ಮಳೆಗಾಲ ಮುಗಿಯುವಾಗ ಒಳಗೆ ಬರೀ ಹಸಿರು, ಹಾವೇ ಕಾಣದು. ಪಕ್ಕದ ತೋಟದ ಲಕ್ಷ್ಮೀಶ ನೋಡಲು ಬಂದ. ನಾನು ಒಂದು ಬಳ್ಳಿ ತೋರಿಸಿ, ಅದೇ ಬಾಲ, ಅಲುಗಾಡಬೇಡ, ಸಿಟ್ಟು ಬಂದರೆ ಗಾಜು ಒಡೆಯುತ್ತದೆ ಎಂದು ಹೆದರಿಸಿದೆ. ಅವನು ಬಹಳ ಹೊತ್ತು ಬಗ್ಗಿ ನೋಡಿ, "ಬಾಲಕ್ಕೆ ಎಲೆ ಬಂದಿದೆಯಲ್ಲ ಮಾರಾಯ," ಅಂದ. ಈಗ ಬಸರೀಕಟ್ಟೆಯವರೆಗೂ ಅದೇ ಸುದ್ದಿ.

ಹಾವು ಕಾಣದೆ ಸರೋಜಳಿಗೆ ಊಟ ಸೇರಲಿಲ್ಲ. ಕೊನೆಗೆ ಯಲ್ಲಕ್ಕನನ್ನು ಕೂರಿಸಿ ಕೇಳಿದಳು, "ಕತ್ತಿ ಬೇಡ ಅಂದಿ. ಉಗುರಾದ್ರೆ?" ಯಲ್ಲಕ್ಕ ಎಲೆ ಅಡಿಕೆ ಮೆಲ್ಲುತ್ತ ಯೋಚಿಸಿ, "ಉಗುರು ಅಡ್ಡಿಲ್ಲ," ಎಂದು ತೀರ್ಪು ಕೊಟ್ಟಳು. ಸರೋಜ ಒಂದೊಂದೇ ಎಲೆ ಚಿವುಟುತ್ತ ಹೋದಳು. ಜರಿಗಿಡದ ಹಿಂದೆ ಅದರ ಮುಖ ಇತ್ತು, ಅವಳ ಬೆರಳಿನ ಎದುರಿಗೇ. ಅದು ನಾಲಿಗೆ ಚಾಚಿ ಬೆರಳನ್ನು ಮುಟ್ಟಿ ನೋಡಿತು. ನಾನಾಗಿದ್ದರೆ ಕೈ ಹಿಂದಕ್ಕೆ ಎಳೆಯುತ್ತಿದ್ದೆ. ಇದನ್ನು ಲಕ್ಷ್ಮೀಶನಿಗೆ ಹೇಳಬೇಡ. ಅವಳು ಎಳೆಯಲಿಲ್ಲ.

ನಿನ್ನ ಕಾಗದ ಬಂದ ದಿನದಿಂದ ಅವಳು ನೀರು ಹಾಕಿದ ಚಿಪ್ಪಿಗೇ ಮತ್ತೆ ನೀರು ಹಾಕುತ್ತಾಳೆ. "ಅವಳ ಹಾವು, ಅವಳು ಕೇಳಿದ್ರೆ ಕೊಡ್ಲೇಬೇಕು," ಅಂದಳು, ಅಷ್ಟೇ. ಅದಕ್ಕೇ ಕೇಳುತ್ತಿರುವವನು ನಾನು. ರಜೆ ಸಿಕ್ಕಾಗಲೆಲ್ಲ ಬಾ, ನೋಡು, ಎತ್ತಿಕೋ. ಇಲಿ ಹಿಡಿಯುವ ಇಲಾಖೆ ನನ್ನದು, ಅದರಲ್ಲಿ ನನಗೆ ಸಮಾನರಿಲ್ಲ.

ನಿನ್ನ ಹೊಸ ಮನೆಯಲ್ಲಿ ಬೆಳಕು, ಗಾಳಿ, ಒಳ್ಳೆಯ ನೆರೆಹೊರೆ ತುಂಬಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಕೃಷ್ಣಪ್ಪ ಮಾವ

ಮರೆತ ಮಾತು: ನಮಗೆ ಮಕ್ಕಳಾಗದ್ದಕ್ಕೆ ಹೋದಲ್ಲೆಲ್ಲ ಒಂದೇ ಕಾರಣ ಹೇಳಿದರು, ಸರ್ಪದೋಷ, ನಾಗನ ಕೋಪ. ಹೇಳಿದ ಪೂಜೆಗಳನ್ನೆಲ್ಲ ಮಾಡಿಸಿದೆವು, ನಾಗರಕಲ್ಲು ಪ್ರತಿಷ್ಠೆಯೂ ಆಯಿತು. ನಾನು ಯಾವತ್ತೋ ಮರೆತೆ. ಆ ಕೋಪ ತನ್ನೊಬ್ಬಳ ಮೇಲೆಯೇ ಎಂದು ಅವಳು ಇಷ್ಟು ವರ್ಷ ತಿಳಿದುಕೊಂಡಿದ್ದಳಂತೆ, ನನಗೆ ಗೊತ್ತಿರಲಿಲ್ಲ. ನಿನ್ನೆ ಹಾವು ಅವಳ ಮಣಿಕಟ್ಟಿಗೆ ಸುತ್ತಿಕೊಂಡು ಸುಮ್ಮನೆ ಮಲಗಿತ್ತು. "ನೋಡಿ, ಇದಕ್ಕೆ ನನ್ನ ಮೇಲೆ ಸಿಟ್ಟಿದೆ ಅಂತ ಕಾಣ್ತದ ನಿಮಗೆ?" ಎಂದು ಕೇಳಿದಳು. ಇಲ್ಲ ಅಂದೆ.

"ಇನ್ನೊಂದ್ಸಲ ಹೇಳಿ," ಅಂದಳು.