ರೋಬೋ ಬದುಕಿದೆ ಎಂದೇ ಓದು

ತಮ್ಮಾ,

ಟ್ರೇನಿಂಗಿಗೆ ಹೊರಟೆ, ಶನಿವಾರ ಸಂಜೆ ಬರುತ್ತೇನೆ. ದೊಡ್ಡಮ್ಮನ ಕಣ್ಣಿಗೆ ಮೂರು ಹೊತ್ತೂ ಡ್ರಾಪ್ಸ್ ಹಾಕು. ಊಟವಾದ ಮೇಲೆ ಆ ಜಪಾನಿ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ನೀನೇ ಓದಿ ಹೇಳಬೇಕು.

ಒಂದು ವಿಷಯ. ಅಂತರಿಕ್ಷ ನೌಕೆಯಲ್ಲಿ ಕಸ ಗುಡಿಸುವ ಮುದಿ ರೋಬೋ ಏಳನೇ ಅಧ್ಯಾಯದಲ್ಲೇ ಸತ್ತಿದೆ. ಕಣ್ಣಿನ ಆಪರೇಷನ್ ಆದ ದಿನ ದೊಡ್ಡಮ್ಮ, "ಆ ರೋಬೋಗೇನೂ ಆಗಲ್ಲ ತಾನೇ?" ಅಂದರು. ನಾನು "ಛೆ, ಏನಾಗುತ್ತೆ" ಅಂದುಬಿಟ್ಟೆ. ಅಂದಿನಿಂದ ಐದು ಅಧ್ಯಾಯ ಅದನ್ನು ನಾನೇ ಸಾಕುತ್ತಿದ್ದೇನೆ. ದಿನಾ ಮೊದಲು ಅದರ ಕ್ಷೇಮವನ್ನೇ ಕೇಳುತ್ತಾರೆ.

ನೌಕೆಯ ಕ್ಯಾಪ್ಟನ್ನನ ಮಾತಿನಲ್ಲಿ ಅರ್ಧ ರೋಬೋಗೆ ಕೊಡು. ದನಿ ನಮ್ಮ ಲಿಫ್ಟಿನದು: "ಬಾಗಿಲು ಮುಚ್ಚಲಾಗುತ್ತಿದೆ," ಅದೇ ಧಾಟಿ. ನಡುವೆ ಕೆಮ್ಮಿದರೆ ಇನ್ನೂ ಚೆನ್ನ. ನಿನ್ನ ಹೆಡ್ಮಾಸ್ಟರ್ ದನಿ ಬೇಡ, ಅದನ್ನು ಕ್ಯಾಪ್ಟನ್ನನಿಗೆ ಕೊಟ್ಟಾಗಿದೆ.

ತಡವರಿಸಬೇಡ. ಮೂವತ್ತು ವರ್ಷ ಪ್ರೂಫ್ ತಿದ್ದಿದವರು, ಹಿಡಿದುಬಿಡುತ್ತಾರೆ.

ಭಾನುವಾರದಿಂದ ಅವರೇ ಓದಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಅಷ್ಟರೊಳಗೆ ಮುಗಿಸಿ ಪುಸ್ತಕವನ್ನು ಲೈಬ್ರರಿಗೆ ಮುಟ್ಟಿಸು. ಕೇಳಿದರೆ, "ಬೇರೆ ಯಾರೋ ಕಾಯ್ತಿದ್ರು" ಅನ್ನು. ಎಷ್ಟೇ ಗೋಗರೆದರೂ ಎರಡನೇ ಭಾಗ ಮಾತ್ರ ತರಬೇಡ. ಅದು ರೋಬೋವಿನ ಸಂತಾಪ ಸಭೆಯಿಂದಲೇ ಶುರುವಾಗುತ್ತದೆ.

ಅಕ್ಕ