ಕಣಿವೆಯಲ್ಲಿ ಏನೂ ಇಲ್ಲ

ಕಿಜಿಲ್-ಜಾರ್, ಮುರ್ಗಾಬ್ ಸೀಮೆ
ಸೆಪ್ಟೆಂಬರ್ ಹದಿನಾಲ್ಕು

ಪ್ರೀತಿಯ ತೊಲೊಗೊನ್ ಅಣ್ಣನಿಗೆ ತಂಗಿ ಬುರುಲ್‌ಳ ಸಲಾಮು.

ಹೇಗಿದ್ದೀಯ? ಸೊಂಟದ ನೋವು ಇಳಿಯಿತೇ? ಗೋದಾಮಿನಲ್ಲಿ ಮೂಟೆ ಹೊರುವಾಗ ನಾನು ನೇಯ್ದು ಕಳಿಸಿದ ಉಣ್ಣೆ ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಜೊತೆಯವರು ನಗುತ್ತಾರೆ ಅಂತ ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತು. ಫೋನ್ ಇರುವ ಈ ಕಾಲದಲ್ಲಿ ಕಾಗದ ಯಾಕೆ ಬರೆದಳು ಅಂತ ನಗಬೇಡ, ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ. ಲಾರಿಯ ಜೋಷ್ಬಾಯ್ ಓಶ್ ಪಟ್ಟಣಕ್ಕೆ ಹೊರಟಿದ್ದಾನೆ. ಅಲ್ಲಿಂದ ಅವನ ಅಕ್ಕನ ಮಗ ವಿಮಾನ ಹತ್ತಿ ನಿನ್ನ ಊರಿಗೇ ಬರುವವನು. ಕಾಗದ ಕೈಯಿಂದ ಕೈಗೆ ಬರಲಿ ಅಂತ ಇಬ್ಬರಿಂದಲೂ ಆಣೆ ಹಾಕಿಸಿದ್ದೇನೆ.

ನಾವು ಚೆನ್ನಾಗಿದ್ದೇವೆ ಅಂತ ಬರೆಯುವುದು ರೂಢಿ, ಬರೆದಿದ್ದೇನೆ ಅಂದುಕೋ. ಬೂದು ಚಮರಿ ಹೆಣ್ಣುಕರು ಹಾಕಿದೆ. ಕೆನೆ ದಂಡಿಯಾಗಿದೆ, ಅದನ್ನು ಬೆರಳಿನಿಂದ ಕದ್ದು ನೆಕ್ಕಲು ನೀನಿಲ್ಲ. ಆದರೆ ಅಕ್-ತಾಶ್ ಕಣಿವೆ ಈಗ ನಮ್ಮದಲ್ಲ. ಅಮ್ಮ ನಿನ್ನನ್ನು ಹೆತ್ತ ಆ ಬೇಸಿಗೆ ಹುಲ್ಲುಗಾವಲಿಗೆ ಹೋಗುವ ದಾರಿಯಲ್ಲಿ ತಂತಿ ಬೇಲಿ ಬಂದಿದೆ. ಗಡಿಯಾಚೆಯವರು ಅಲ್ಲಿ ಏನೋ ಕಟ್ಟಿಕೊಂಡಿದ್ದಾರೆ. ಕತ್ತಲಾದರೆ ಬೆಟ್ಟದ ಹಿಂದಿನ ಆಕಾಶ ಬೆಳ್ಳಗಾಗುತ್ತದೆ, ಚಂದ್ರ ಹುಟ್ಟುತ್ತಾನೇನೋ ಅನ್ನುವ ಹಾಗೆ. ಚಂದ್ರ ಹುಟ್ಟುವುದಿಲ್ಲ. ವಸಂತದಲ್ಲಿ ಜಿಲ್ಲೆಯ ಅಧಿಕಾರಿ ಬಂದು ಶಾಲೆಯಲ್ಲಿ ಸಭೆ ಕರೆದ. "ಕಣಿವೆಯಲ್ಲಿ ಏನೂ ಇಲ್ಲ. ಇಲ್ಲದ್ದನ್ನ ನೋಡೋಕೆ ಯಾರೂ ಹೋಗಬೇಡಿ" ಅಂದ. ನಮ್ಮ ಪಕ್ಕದ ಮನೆ ಸಬೀರಾ ಅತ್ತೆಯ ಬಾಯಿ ನಿನಗೆ ಗೊತ್ತಲ್ಲ! "ಏನೂ ಇಲ್ದಿದ್ರೆ ನಮ್ಮ ಚಮರಿಗಳು ಹುಲ್ಲು ಮೇಯ್ಲಿ ಬಿಡಪ್ಪ, ಅವಕ್ಕೂ ಏನೂ ಕಾಣಲ್ಲ" ಅಂದಳು. ಊರೆಲ್ಲ ನಕ್ಕಿತು. ಅವನು ನಗಲಿಲ್ಲ, ಅವಳ ಹೆಸರು ಕೇಳಿಕೊಂಡು ಹೋದ.

ಅದಾದ ಮೇಲೆ ಅತ್ತೆಯ ಅಳಿಯ ಎರ್ಕಿನ್‌ನನ್ನು ಬೇಲಿಯೊಳಗಿನವರು ಕೆಲಸಕ್ಕೆ ಅಂತ ಮೇಲೆ ಕಣಿವೆಗೆ ಕರೆದರು. ಗಡಿ ಠಾಣೆಯಲ್ಲಿ ನಿನ್ನ ಜೊತೆ ಸಿಪಾಯಿಯಾಗಿದ್ದನಲ್ಲ, ಅದೇ ಎರ್ಕಿನ್. ಆಚೆಗೆ ದಾಟುವ ಕಾಲುದಾರಿಗಳನ್ನು ತೋರಿಸಿಕೊಟ್ಟರೆ ಸಾಕು ಅಂದರಂತೆ. ಹೊಸ ಬೂಟು ಹಾಕಿಕೊಂಡು ಜಂಬದಿಂದ ಹೋದ, ಹಿಂದಿರುಗಲಿಲ್ಲ. ಜಿಲ್ಲೆಯ ಕಚೇರಿಯಲ್ಲಿ ಕೇಳಿದರೆ ಅವನೂ ನಿನ್ನ ಹಾಗೆ ರಷ್ಯಾಕ್ಕೆ ದುಡಿಯಲು ಹೋಗಿದ್ದಾನೆ ಅಂತಾರೆ. ಅವನ ಪಾಸ್‌ಪೋರ್ಟ್ ಮನೆಯ ಪೆಟ್ಟಿಗೆಯಲ್ಲೇ ಇದೆ, ನಾನೇ ಕಣ್ಣಾರೆ ಕಂಡಿದ್ದೇನೆ. ಮೊನ್ನೆ ಬೆರಣಿ ಒಟ್ಟುವಾಗ ಅತ್ತೆಯನ್ನು ಮೆಲ್ಲಗೆ ವಿಚಾರಿಸಿದೆ. ಅವಳು ಬೆಟ್ಟದ ಕಡೆ ಬೆನ್ನು ಮಾಡಿ, "ಅಲ್ಲಿ ಏನೂ ಇಲ್ಲ ಕಣೇ" ಅಂದಳು. ಅದೇ ಅಧಿಕಾರಿಯ ರಾಗ.

ಈಗ ಅಪ್ಪನ ವಿಷಯ. ಬೇಸಿಗೆಯ ಮೊದಲಲ್ಲಿ ನಮ್ಮ ಕುಂಟು ಚಮರಿ ಬೇಲಿ ನುಸುಳಿ ಒಳಗೆ ಹೋಯಿತು. ಬೇಡ ಅಂದರೂ ಕೇಳದೆ ಅಪ್ಪ ಅದರ ಹಿಂದೆ ಹೋದರು. ಮಾರನೆಯ ದಿನ ಚಮರಿಯ ಜೊತೆ ಇಳಿದು ಬಂದರು. ಅದರ ಕಾಲಿಗೆ ಅಲ್ಲಿ ಯಾರೋ ಹೊಲಿಗೆ ಹಾಕಿದ್ದರು, ಎಷ್ಟು ನಾಜೂಕಾಗಿ ಅಂದರೆ ಮನುಷ್ಯರಿಗೂ ನಮ್ಮಲ್ಲಿ ಹಾಗೆ ಹಾಕುವವರಿಲ್ಲ. ಊರವರು ಸುತ್ತುಗಟ್ಟಿ, "ಮಾಮತೈರ್ ಅಣ್ಣಾ, ಏನಿದೆ ಅಲ್ಲಿ?" ಅಂತ ಕೇಳಿದರು. ಕುರಿ ಮಾರುವಾಗ ಅದರ ಹುಳುಕನ್ನೂ ತಾನೇ ಹೇಳಿಬಿಡುವ ನಮ್ಮಪ್ಪ ಟೋಪಿ ತೆಗೆದು ಧೂಳು ಕೊಡವಿ, "ಏನೂ ಇಲ್ಲ" ಅಂದರು.

ಅವತ್ತಿನಿಂದ ಆ ಬೇಲಿಯೊಳಗಿನವರ ಕಡೆಯವನೊಬ್ಬ ನಮ್ಮ ಮನೆಗೆ ಬರುತ್ತಾನೆ. ಈ ಗಾಳಿಯಲ್ಲಿ ಬರಿದಲೆಯಲ್ಲಿ ನಡೆದು ಬರುತ್ತಾನೆ, ಕಿವಿ ಕೆಂಪಾಗುವುದೂ ಇಲ್ಲ. ನಮ್ಮ ನಾಯಿ ಬೊಗಳುವುದಿಲ್ಲ, ಹೊಟ್ಟೆ ನೆಲಕ್ಕೆ ಒತ್ತಿ ಮಲಗಿಬಿಡುತ್ತದೆ. ನಮ್ಮ ಭಾಷೆ ಆಡುತ್ತಾನೆ ಅಣ್ಣಾ, ಅದೂ ಅಮ್ಮನ ತವರಿನವರ ಎಳೆತದಲ್ಲಿ. ಬಾಗಿಲಲ್ಲಿ ನಿಂತು "ಬುರುಲ್, ಚಹಾ ಆಯ್ತಾ?" ಅಂದಾಗ ಸತ್ತ ಸೋದರಮಾವನೇ ಬಂದನೇನೋ ಅಂದುಕೊಂಡೆ. ಅಪ್ಪನ ಮಂಡಿಗೆ ಮುಲಾಮು ತಂದ. ಬಿಸಿಲಿನಿಂದ ಶಕ್ತಿ ತುಂಬಿಕೊಂಡು ಉರಿಯುವ ದೀಪವೊಂದನ್ನು ತಂದು ತಾನೇ ತೊಲೆಗೆ ತೂಗುಹಾಕಿದ. ದೀಪ ಆರಿಸಿದರೂ ಅದರ ಹೊಟ್ಟೆಯಲ್ಲೊಂದು ಹಸಿರು ಚುಕ್ಕೆ ಆರುವುದಿಲ್ಲ. ಒಂದು ಸಂಜೆ ಚಹಾಪುಡಿ ಮುಗಿಯಿತಲ್ಲ ಅಂತ ನನ್ನಷ್ಟಕ್ಕೆ ಗೊಣಗಿದೆ. ಮನೆಯಲ್ಲಿ ನನ್ನ ಬಿಟ್ಟರೆ ಯಾರೂ ಇರಲಿಲ್ಲ. ಮರುದಿನ ಅವನು ಚಹಾಪುಡಿಯ ಪೊಟ್ಟಣ ಹಿಡಿದು ಬಂದ.

ದೀಪ ಕಿತ್ತೆಸೆಯೋಣ ಅಂತ ಕೈ ಚಾಚಿದೆ. ಅಪ್ಪ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದು, "ಒಳ್ಳೆ ಬೆಳಕು ಮಗಳೇ, ಇರ್ಲಿ" ಅಂದರು. ಈಗ ಅವರು ವಾರಕ್ಕೊಮ್ಮೆ ಮೇಲೆ ಹೋಗುತ್ತಾರೆ. ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ನೀನು ಸಿಪಾಯಿ ಉಡುಪಿನಲ್ಲಿ ತೆಗೆಸಿಕೊಂಡ ಚಿತ್ರ ಗೋಡೆಯಿಂದ ಕಾಣೆಯಾಗಿದೆ. ಕೇಳಿದರೆ ಅಪ್ಪ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ಬರಿದಲೆಯವನು ನನ್ನನ್ನು ಕೇಳಿದ: "ನಿಮ್ಮಣ್ಣ ಯಾವಾಗ ಬರ್ತಾನಮ್ಮಾ? ಎರ್ಕಿನ್‌ಗಿಂತ ಅವನಿಗೇ ದಾರಿ ಚೆನ್ನಾಗಿ ಗೊತ್ತಂತೆ." ಎರ್ಕಿನ್ ಎಲ್ಲಿ ಅಂತ ನಾಲಗೆ ತುದಿಗೆ ಬಂತು. ನುಂಗಿಕೊಂಡು ಒಲೆಗೆ ಬೆರಣಿ ಹಾಕಿದೆ. ನಿನ್ನ ವಿಷಯ ಅವನಿಗೆ ಹೇಳಿದ್ದು ಅಪ್ಪನಲ್ಲದೆ ಮತ್ಯಾರು? ಹೆತ್ತ ತಂದೆಯ ಎದುರು ಊಟಕ್ಕೆ ಕೂರುವುದೇ ಬೇಡ ಅನ್ನಿಸಿಬಿಟ್ಟಿದೆ. ನಾಲ್ಕು ದಿನದಿಂದ ಅವರ ಬಟ್ಟಲಿಗೆ ಚಹಾ ಬಗ್ಗಿಸಿಟ್ಟು ಎದ್ದು ಹೊರಗೆ ಹೋಗುತ್ತೇನೆ.

ಇಷ್ಟು ಬರೆದು ಮನಸ್ಸು ಹಗುರಾಯಿತು. ಚಳಿಗೆ ಕಿವಿ ಮುಚ್ಚಿಕೋ, ಸರಿಯಾಗಿ ಊಟ ಮಾಡು. ಸಬೀರಾ ಅತ್ತೆ ಏನೂ ಹೇಳಿ ಕಳಿಸಿಲ್ಲ, ಆದರೂ ಅವಳ ಹಾರೈಕೆ ಇದೆ ಅಂತ ತಿಳಿ. ದೇವರು ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಬುರುಲ್

ವಿ.ಸೂ.: ಜೋಷ್ಬಾಯ್ ಹಾರನ್ ಹೊಡೆಯುತ್ತಿದ್ದಾನೆ, ಆದರೂ ಲಕೋಟೆ ಮತ್ತೆ ಬಿಚ್ಚಿ ಇದನ್ನು ಬರೆಯಲೇಬೇಕು. ಲಕೋಟೆ ಅಂಟಿಸಿಟ್ಟು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕೂತರು. "ಈ ಸಲ ಗಾಳಿ ಬೇಗ ಶುರುವಾಯ್ತು ನೋಡು" ಅಂತ ದೀಪಕ್ಕೆ ಕೇಳುವ ಹಾಗೆ ಜೋರಾಗಿ ಹೇಳುತ್ತಾ, ಮಣೆಯ ಮೇಲೆ ಉದುರಿಸಿದ ಒಣಹಿಟ್ಟಿನಲ್ಲಿ ಬೆರಳಿನಿಂದ ಬರೆದರು: "ಮುಂದಿನ ವಾರ ನನ್ನ ಕೈಲಿ ಫೋನ್ ಮಾಡಿಸ್ತಾರೆ. ಸಾಯ್ತಿದ್ದೀನಿ, ಬಾ ಅಂತೀನಿ. ಅವನು ಬರಬಾರದು." ನಾನು ಓದಿದ ತಕ್ಷಣ ಅಂಗೈಯಿಂದ ಒರೆಸಿದರು. "ಬರದಿದ್ರೆ ನಿಮ್ಮನ್ನ?" ಅಂತ ನಾನು ಬರೆದೆ. ಅದನ್ನೂ ಒರೆಸಿ, "ಬೇಗ ರೊಟ್ಟಿ ಸುಡು ಮಗಳೇ, ಹಸಿವಾಗ್ತಿದೆ" ಅಂದರು. ಇವತ್ತು ಇಬ್ಬರೂ ನೆಲಕ್ಕೆ ಹಾಸಿದ ಒಂದೇ ಊಟದ ಬಟ್ಟೆಯ ಮುಂದೆ ಕೂತು ಉಂಡೆವು. ಫೋನಿನಲ್ಲಿ ಅಪ್ಪ ಅಳುತ್ತಾರೆ ಅಣ್ಣಾ. ಆ ಅಳು ನಿಜವಾದದ್ದೇ ಆಗಿರುತ್ತದೆ. ಆದರೂ ನೀನು ಬರಬೇಡ.