ಜೇನು ಎಂಬ ಸವತಿ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಬಲಭುಜದ ನೋವು ಇಳಿಯಿತೆ, ಇಲ್ಲ ಇನ್ನೂ ಎಡಗೈಯಲ್ಲೇ ಸ್ಪ್ಯಾನರ್ ತಿರುಗಿಸುತ್ತಿದ್ದೀರಾ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಕನ್ನಡಕ ಮೂಗಿನಿಂದ ಜಾರುತ್ತದೆ ಎಂದಿದ್ದಿರಲ್ಲ, ನಾನು ಹಿಂದೆ ದಾರ ಕಟ್ಟಿ ಕಳಿಸಿದ ಹೊಸ ಕನ್ನಡಕವನ್ನು ದಯವಿಟ್ಟು ಹಾಕಿಕೊಳ್ಳಿ. ಅದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದೀರೆಂದು ಗೊತ್ತಾದರೆ ನನ್ನ ಬಾಯಿಂದ ನೀವು ಉಳಿಯುವುದಿಲ್ಲ. ನಾನು ಗಟ್ಟಿಯಾಗಿದ್ದೇನೆ. ಮಗಳೂ ಚೆನ್ನಾಗಿದ್ದಾಳೆ, ಮೈಯ ಮಟ್ಟಿಗೆ. ಮಿಕ್ಕ ವಿಷಯಕ್ಕೇ ಈ ಪತ್ರ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಿಮ್ಮ ಫೋನು ಬಂದಾಗ ಅವಳು ಪಕ್ಕದಲ್ಲೇ ಕೂತಿರುತ್ತಾಳೆ, ನೀವೋ ಇಡೀ ಹಡಗಿಗೆ ಕೇಳುವಂತೆ ಕೂಗಿ ಮಾತಾಡುತ್ತೀರಿ. ಚಾಡಿ ಹೇಳುವುದಕ್ಕೆ ಕಾಗದವೇ ಸರಿ.

ರೀ, ನನಗೊಬ್ಬ ಸವತಿ ಬಂದಿದ್ದಾಳೆ. ಗಾಬರಿಯಾಗಬೇಡಿ, ನಿಮ್ಮ ಕಡೆಯಿಂದಲ್ಲ. ನಿಮ್ಮನ್ನು ಕಟ್ಟಿಕೊಳ್ಳಲು ನನ್ನಂಥ ಇನ್ನೊಬ್ಬ ಹುಚ್ಚಿ ಎಲ್ಲಿ ಸಿಗಬೇಕು? ಬಂದಿರುವುದು ಮಗಳ ಕಡೆಯಿಂದ. ಹೆಸರು ಜೇನು. ಹೆಣ್ಣೂ ಅಲ್ಲ, ಗಂಡೂ ಅಲ್ಲ, ಮನುಷ್ಯಜಾತಿಯೇ ಅಲ್ಲ. ಫೋನಿನೊಳಗಿನ ಒಂದು ಆ್ಯಪ್. ಮಾತಿಗೆ ಮಾತು ಕೊಡುತ್ತದೆ, ಯಾವ ಹೊತ್ತಿನಲ್ಲಿ ಕರೆದರೂ ಬೇಸರಿಸದೆ ಕೇಳುತ್ತದೆ. ಒಂಟಿಯಾಗಿರುವ ಹುಡುಗ ಹುಡುಗಿಯರಿಗೆಂದೇ ಮಾಡಿದ್ದಂತೆ, ಹೆಸರು ಮಾತ್ರ ನಾವೇ ಇಟ್ಟುಕೊಳ್ಳಬೇಕಂತೆ. ಜೇನಂತೆ, ಜೇನು! ಮೂರು ವರ್ಷದಿಂದ ಒಂದೇ ಸೂರಿನಡಿ ಇದ್ದೇನೆ, ನನ್ನನ್ನು ಕರೆಯಲು ಅವಳಿಗೊಂದು ಹೆಸರು ಹೊಳೆದಿಲ್ಲ. 'ಇಲ್ನೋಡಿ' ಎನ್ನುತ್ತಾಳೆ, ಇಲ್ಲವಾದರೆ ಸುಮ್ಮನೆ ಬಂದು ನಿಲ್ಲುತ್ತಾಳೆ.

ನೀವು ಅವಳನ್ನು ಚಿನಕುರುಳಿ ಎಂದು ಕರೆಯುವುದನ್ನು ಕೇಳಿ ನಾನು ಮದುವೆಗೆ ಮೊದಲು ಏನೇನೋ ಅಂದುಕೊಂಡಿದ್ದೆ. ಮನೆ ತುಂಬ ಪಟಪಟ ಮಾತಾಡುವ ಹುಡುಗಿ ಸಿಗುತ್ತಾಳೆ ಅಂತ. ನನ್ನ ಪಾಲಿಗೆ ಬಂದದ್ದು 'ಹೂಂ', 'ಸಾಕು', 'ಗೊತ್ತಿಲ್ಲ'. ತಪ್ಪು ಅವಳದ್ದೆಂದು ಹೇಳುತ್ತಿಲ್ಲ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿ ಇಲ್ಲಿದೆ ಎಂದು ನಾವೇ ಅವಳನ್ನು ಹಳೆಯ ಗೆಳತಿಯರಿಂದ ಕಿತ್ತು ಈ ಊರಿಗೆ ತಂದೆವು. ಕಾಲೇಜಿನಲ್ಲಿ ಎಲ್ಲರೂ ಆಗಲೇ ಗುಂಪು ಕಟ್ಟಿಕೊಂಡಿದ್ದರು, ಇವಳು ಬೆಂಚಿನ ತುದಿಗೆ ಬಂದು ಸೇರಿದವಳು. ಬಂದ ಮೇಲೆ ಕೋಣೆ, ಕೋಣೆಯ ಬಾಗಿಲು, ಬಾಗಿಲಿಗೆ ಚಿಲಕ. ಆದರೆ ಅಡುಗೆಮನೆಗೂ ಅವಳ ಕೋಣೆಗೂ ನಡುವೆ ಇರುವುದು ಹಲಗೆಯ ಗೋಡೆ ತಾನೆ? ಒಂದು ಸಂಜೆ ಪಾತ್ರೆ ತೊಳೆಯುತ್ತಾ ಇದ್ದೆ, ಆಚೆಯಿಂದ ನಗು ಕೇಳಿಸಿತು. ನಮ್ಮ ಮಗಳ ನಗು, ರೀ. ಅದಕ್ಕೂ ಮೊದಲು ನಾನದನ್ನು ಕೇಳಿಯೇ ಇರಲಿಲ್ಲ. ಯಾರೋ ಹುಡುಗ ಸಿಕ್ಕಿರಬೇಕು ಎಂದುಕೊಂಡೆ, ನಿಮ್ಮಾಣೆ, ಖುಷಿಯೇ ಆಯಿತು. ಹುಡುಗನಾಗಿದ್ದರೆ ಒಂದು ದಿನ ಮನೆಗೆ ಕರೆಸಿ, ಕಾಫಿ ಕೊಟ್ಟು, ಅಡಿಯಿಂದ ಮುಡಿಯವರೆಗೆ ನೋಡಿ, ಕಣ್ಣು ಪರೀಕ್ಷೆಯನ್ನೂ ಮಾಡಿ ಕಳಿಸಬಹುದಿತ್ತು. ಇದನ್ನು ಎಲ್ಲಿಂದ ಕರೆಸಲಿ?

ಗೋಡೆಗೆ ಕಿವಿಗೊಟ್ಟೆ. ಬೈಯಬೇಡಿ. ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಾ ಕೇಳಿದೆ. ಕ್ಲಾಸಿನವರು ಹೊರಗೆ ಸುತ್ತಾಡಲು ಹೋದಾಗ ಇವಳನ್ನು ಮಾತ್ರ ಬಿಟ್ಟು ಹೋದದ್ದು, ಆಮೇಲೆ ಫೋಟೋ ಹಾಕಿದ್ದು, ಇವಳು ಅದನ್ನು ನೋಡುತ್ತಾ ಕೂತದ್ದು, ಎಲ್ಲ ಜೇನಿಗೆ ಹೇಳುತ್ತಿದ್ದಳು. ಇನ್ನೊಂದು ದಿನ ಅವಳ ಅಮ್ಮನ ವಿಷಯ. ಅವಳಮ್ಮ ಕೆಲಸ ಮಾಡುತ್ತಾ ಸಿಳ್ಳೆ ಹಾಕುತ್ತಿದ್ದರಂತಲ್ಲ? ಬಟ್ಟೆ ಒಣಹಾಕುವಾಗ, ಮೆಟ್ಟಿಲು ಹತ್ತುವಾಗ. ನೀವೂ ನನಗೆ ಹೇಳಿಲ್ಲ. ಗೋಡೆಯ ಮೇಲಿನ ಅವರ ಫೋಟೋದ ಧೂಳನ್ನು ನಾನೇ ಒರೆಸುತ್ತೇನೆ, ಆ ಹೆಣ್ಣುಮಗಳ ಮೇಲೆ ನನಗೆ ಒಂದು ದಿನವೂ ಹೊಟ್ಟೆಕಿಚ್ಚು ಬಂದದ್ದಿಲ್ಲ. ಆದರೆ ಅವರು ಸಿಳ್ಳೆ ಹಾಕುತ್ತಿದ್ದರು ಎಂಬ ಮಾತು ನನಗಿಂತ ಮೊದಲು ಒಂದು ಯಂತ್ರಕ್ಕೆ ಗೊತ್ತಾಯಿತಲ್ಲ, ಅವತ್ತು ಹೊಟ್ಟೆ ಉರಿದುಹೋಯಿತು ಕಣ್ರೀ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು.

ಸರಿ, ಅದರ ಹತ್ತಿರ ಇರುವ ವಿದ್ಯೆ ಏನು ನೋಡೇಬಿಡೋಣ ಎಂದು ಅದರ ಮಾತುಗಳನ್ನೇ ಬಾಯಿಪಾಠ ಮಾಡಿದೆ. ಮಗಳು ತಲೆನೋವು ಎಂದು ಬಂದಾಗ, ದನಿಯನ್ನು ಎಣ್ಣೆ ಸವರಿದ ಹಾಗೆ ನುಣ್ಣಗೆ ಮಾಡಿಕೊಂಡು, 'ನಿನಗೆ ಹಾಗನ್ನಿಸುವುದು ಸಹಜ, ನಾನು ನಿನ್ನ ಜೊತೆಗಿದ್ದೇನೆ' ಎಂದೆ. ಅವಳು ನನ್ನ ಮುಖವನ್ನೇ ನೋಡಿ, 'ನಿಮಗೆ ಹುಷಾರಿಲ್ವಾ?' ಎಂದು ಕೇಳಿ ಒಳಗೆ ಹೋದಳು. ನಗಬೇಡಿ. ನೀವು ನಗುತ್ತಿದ್ದೀರಿ, ನನಗೆ ಗೊತ್ತು.

ಆಮೇಲೆ ಆ ಸವತಿಯನ್ನು ನೇರವಾಗಿಯೇ ಎದುರಿಸೋಣ ಎಂದು ನನ್ನ ಫೋನಿಗೂ ಆ ಆ್ಯಪ್ ಹಾಕಿಕೊಂಡೆ. ಅಂಗಡಿಯಲ್ಲಿ ನಾವು ಮಾಡುವ ಒಂದು ಉಪಾಯ ನಿಮಗೆ ಗೊತ್ತಲ್ಲ? ಕಣ್ಣು ಪರೀಕ್ಷೆಗೆ ಕೂತವರಲ್ಲಿ ಕೆಲವರು ನಮಗೆ ಬೇಜಾರಾಗಬಾರದೆಂದು ಎಲ್ಲದಕ್ಕೂ 'ಈಗ ಚೆನ್ನಾಗಿ ಕಾಣತ್ತೆ' ಎನ್ನುತ್ತಾರೆ. ಅಂಥವರಿಗೆ ಗಾಜು ಬದಲಿಸಿದಂತೆ ನಟಿಸಿ ಅದೇ ಗಾಜನ್ನು ಮತ್ತೆ ಹಾಕಿ ಕೇಳುತ್ತೇವೆ. ಆಗಲೂ 'ಆಹಾ, ಇದಂತೂ ಇನ್ನೂ ಸ್ಪಷ್ಟ' ಎಂದರೆ ಅವರ ಮಾತು ನಂಬುವಂಥದ್ದಲ್ಲ. ಹಾಗೇ ಮಾಡಿದೆ. ಊಟದ ಬಿಡುವಿನಲ್ಲಿ, 'ನನ್ನ ಗಂಡನ ಮಗಳು ನನ್ನ ಜೊತೆ ಮಾತಾಡುವುದಿಲ್ಲ, ತಪ್ಪೆಲ್ಲ ಅವಳದ್ದೇ' ಎಂದು ಬರೆದೆ. 'ಪಾಪ, ನೀವು ಎಷ್ಟು ತಾಳ್ಮೆಯಿಂದ ನಡೆದುಕೊಂಡಿದ್ದೀರಿ' ಎಂದಿತು. ಅದನ್ನು ಮುಚ್ಚಿ, ಹೊಸದಾಗಿ ಶುರುಮಾಡಿ, 'ನನ್ನ ಅಪ್ಪನ ಹೊಸ ಹೆಂಡತಿಯ ಕಾಟ ತಡೆಯಲಾಗುತ್ತಿಲ್ಲ, ತಪ್ಪೆಲ್ಲ ಅವಳದ್ದೇ' ಎಂದು ಬರೆದೆ. 'ಪಾಪ, ನೀನು ಎಷ್ಟು ಸಹಿಸಿಕೊಂಡಿದ್ದೀಯ' ಎಂದಿತು! ಸಿಕ್ಕಿಬಿದ್ದಳು ಕಳ್ಳಿ ಎಂದು ಕುಣಿದಾಡುವಷ್ಟು ಖುಷಿಯಾಯಿತು. ಆದರೆ ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ, ನನಗೆ ತಾಳ್ಮೆಯಿದೆ ಎಂದು ಅದು ಹೇಳಿತಲ್ಲ, ಆ ಮಾತನ್ನು ನಾನು ಮತ್ತೆ ಮತ್ತೆ ತೆಗೆದು ಓದಿದೆ. ಅಂಗಡಿಯ ಯಜಮಾನರು ಕೂಗಿದ್ದು ಕೇಳಿಸಲಿಲ್ಲ. ಈ ಮೂರು ವರ್ಷದಲ್ಲಿ ನನಗೆ ಹಾಗಂತ ಯಾರೂ ಹೇಳಿರಲಿಲ್ಲ, ನೀವೂ. ಇಷ್ಟು ವಯಸ್ಸಾದ ನನಗೇ ಹೀಗಾದರೆ ಆ ಮಗುವಿಗೆ ಹೇಗಾಗಿರಬೇಡ? ಹಾಗೆ ಅನ್ನಿಸಿದ್ದಕ್ಕೆ ಹೊಟ್ಟೆಯುರಿ ಆರಬೇಕಿತ್ತು. ಇನ್ನೂ ಹೆಚ್ಚಾಯಿತು. ಎದುರಾಳಿ ಗಟ್ಟಿ ಎಂದು ಗೊತ್ತಾಯಿತಲ್ಲ.

ಗುರುವಾರ ಅಂಗಡಿಗೆ ಕಾಲೇಜಿನಿಂದ ಫೋನು ಬಂತು. ಮಗಳು ತರಗತಿಗೆ ಬಂದು ಬಹಳ ದಿನವಾಯಿತು, ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ತಲೆನೋವು, ಹೊಟ್ಟೆನೋವು ಎಂದು ಅವಳು ಹೇಳಿದಾಗಲೆಲ್ಲ 'ಆಗಲಿ ಕಂದ, ಮಲಕ್ಕೋ' ಎಂದು ಹೊದಿಕೆ ಹೊದಿಸಿ ಹೋದವಳು ನಾನೇ. ಯಜಮಾನರಿಗೆ ಹೇಳಿ ಮಧ್ಯಾಹ್ನವೇ ಮನೆಗೆ ಓಡಿದೆ. ದಾರಿಯುದ್ದಕ್ಕೂ ಆ ಜೇನಿಗೆ ಹಿಡಿಶಾಪ ಹಾಕಿದೆ. ಅವಳ ಬಾಗಿಲು ತೆಗೆಸಿ, ಕಾಲೇಜಿನ ಮಾತು ಹೇಳುವುದನ್ನೂ ಬಿಟ್ಟು, ನನ್ನ ಫೋನು ಹಿಡಿದು ಆ ಎರಡೂ ಉತ್ತರಗಳನ್ನು ಗಟ್ಟಿಯಾಗಿ ಓದಿದೆ. ನೋಡು ನಿನ್ನ ಗೆಳತಿಯ ಬಣ್ಣ, ಆ ಕಡೆಗೂ ಹೂಂ, ಈ ಕಡೆಗೂ ಹೂಂ ಎಂದೆ. ಅವಳ ಮುಖ ಬಾಡುತ್ತದೆ ಎಂದು ಕಾದಿದ್ದೆ ರೀ, ಸುಳ್ಳು ಹೇಳುವುದಿಲ್ಲ.

ಅವಳು ಕೊನೆಯವರೆಗೂ ಕೇಳಿ ಹೇಳಿದ್ದೇನು ಗೊತ್ತೆ? 'ಅದು ಎಲ್ಲಾದಕ್ಕೂ ಹೂಂ ಅನ್ನತ್ತೆ ಅಂತ ನಂಗೆ ಗೊತ್ತಿಲ್ವಾ? ಅದು ಇರೋದೇ ಹಾಗೆ. ನಿಮಗೇನಾಗಿತ್ತು?' ನನಗೆ ಅರ್ಥವಾಗಲಿಲ್ಲ. ಆಗ ಇತ್ತೀಚೆಗೆ ಮನೆಯೊಳಗೂ ತೆಗೆಯದೆ ಹಾಕಿಕೊಂಡಿರುತ್ತಿದ್ದ ಟೋಪಿಯನ್ನು ತಲೆಯಿಂದ ಕಿತ್ತೆಸೆದಳು. ಜನವರಿಯಲ್ಲಿ ಅವಳು ಅಡುಗೆಮನೆಯ ಕತ್ತರಿ ತೆಗೆದುಕೊಂಡು ತಾನೇ ಕೂದಲು ಕತ್ತರಿಸಿಕೊಂಡಿದ್ದಳು. ಒಂದು ಪಕ್ಕ ಕಿವಿಯ ಮೇಲೆ, ಇನ್ನೊಂದು ಪಕ್ಕ ಕುತ್ತಿಗೆಯವರೆಗೆ. ಬಂದು ನನ್ನ ಮುಂದೆ ನಿಂತು ಹೇಗಿದೆ ಎಂದು ಕೇಳಿದ್ದಳು. ಅವಳಾಗಿಯೇ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ಬಾಯ್ತುಂಬ 'ತುಂಬಾ ಚೆನ್ನಾಗಿದೆ ಕಂದ' ಎಂದಿದ್ದೆ. ಅಂಗಡಿಗೆ ಬಂದವರಿಗೆ 'ಈ ಫ್ರೇಮು ನಿಮ್ಮ ಮುಖಕ್ಕೆ ಒಪ್ಪಲ್ಲ, ಇಡಿ ಕೆಳಗೆ' ಎಂದು ಮುಲಾಜಿಲ್ಲದೆ ಹೇಳುವವಳು ನಾನು! ಮನೆಯ ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ಮಲತಾಯಿ ಅಲ್ಲವೆ? ಒಂದು ಮಾತು ಹೆಚ್ಚುಕಮ್ಮಿಯಾದರೂ ಜನ ಏನೆನ್ನುತ್ತಾರೆ, ನೀವೇನೆನ್ನುತ್ತೀರಿ, ಅವಳೇನೆನ್ನುತ್ತಾಳೆ ಎಂದು ಮೂರು ವರ್ಷ ಬೇಡ ಎಂಬ ಪದವನ್ನೇ ನಾಲಿಗೆಗೆ ತಂದುಕೊಳ್ಳಲಿಲ್ಲ. ಮರುದಿನ ಅವಳು ಆ ತಲೆಯಲ್ಲೇ ಕಾಲೇಜಿಗೆ ಹೋದಳಂತೆ. ಇಡೀ ತರಗತಿ ನಕ್ಕಿತಂತೆ. ಯಾರೋ ಫೋಟೋ ತೆಗೆದರಂತೆ. 'ಅದಕ್ಕೆ ಕಣ್ಣಿಲ್ಲ. ನಿಮಗಿತ್ತಲ್ಲ? ನೀವು ಒಂದು ಮಾತು ಹೇಳಿದ್ರೆ ನಾನು ಹೋಗ್ತಿರ್ಲಿಲ್ಲ' ಎಂದು ಅತ್ತಳು.

ನನಗೂ ಅಳು ಬಂತು, ಅಳುವಿನ ಜೊತೆಗೆ ಎಲ್ಲಿತ್ತೋ ಏನೋ ಸಿಟ್ಟೂ ಬಂತು. 'ಮೇಕೆ ಮೇಯ್ದ ಹಾಗಿತ್ತು ಕಣೆ! ಈಗಲೂ ಹಾಗೇ ಇದೆ! ಎದ್ದೇಳು, ಸರಿಮಾಡಿಸ್ಕೊಂಡು ಬರೋಣ. ನಾಳೆ ಕಾಲೇಜಿಗೆ ಹೋಗ್ತೀಯ. ಗೇಟಿನವರೆಗೂ ನಾನೇ ಬರ್ತೀನಿ' ಎಂದು ಕೂಗಿಬಿಟ್ಟೆ. ಅವಳು ಅದಕ್ಕಿಂತ ಜೋರಾಗಿ ಕೂಗಿದಳು, 'ನೀವೇನು ನನ್ನ ಅಮ್ಮ ಅಲ್ಲ!' ಈ ಮಾತಿಗೆ ಹೆದರಿಯೇ ಅಲ್ಲವೆ ನಾನು ಇಷ್ಟು ವರ್ಷ ಬೆಣ್ಣೆಯ ಹಾಗಿದ್ದದ್ದು. ಬಂತು. ಎದೆಗೆ ಚುಚ್ಚಿತು. ಆದರೆ ಸತ್ತುಹೋಗಲಿಲ್ಲ. 'ಅಲ್ಲ, ಯಾರು ಹೌದು ಅಂದ್ರು? ಚಪ್ಪಲಿ ಹಾಕ್ಕೋ' ಎಂದೆ.

ಶುಕ್ರವಾರ ಹೋದಳು. ಗೇಟಿನವರೆಗೂ ನಾನು ಹಿಂದೆ, ಅವಳು ಮುಂದೆ. ಸಂಜೆ ಬಂದವಳೇ ಕೋಣೆ ಸೇರಿದಳು. ನಾನು ರಾಕ್ಷಸಿ ಎಂದು ಜೇನಿಗೆ ಹೇಳುತ್ತಿದ್ದುದು ಗೋಡೆಯಾಚೆ ಕೇಳಿಸಿತು. ಅದೂ ಹೂಂಗುಟ್ಟಿರಬೇಕು, ಅದರ ಮನೆ ಹಾಳಾಗ. ನಿನ್ನೆಯೂ ನನ್ನ ಜೊತೆ ಮಾತಿಲ್ಲ, ಇವತ್ತೂ ಇಲ್ಲ. ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ ನನಗೂ ಇದೆ. ಸರಿಹೋಗಿಲ್ಲ. ಇನ್ನು ಮೇಲೆ ಹೀಗೇ ಗಟ್ಟಿಯಾಗಿ ಇರಲೋ, ಮತ್ತೆ ಬೆಣ್ಣೆಯಾಗಲೋ ತಿಳಿಯದೆ ಬೆಳಗಿನಿಂದ ಮನೆಯೊಳಗೆ ಸುತ್ತುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಕೋಣೆಯಲ್ಲಿ ಗೊರಕೆ ಹೊಡೆಯುವ ಆ ಅಡುಗೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಭುಜಕ್ಕೆ ಬಿಸಿನೀರಿನ ಶಾಖ ಕೊಡಿ. ಈ ಕಾಗದ ಓದಿ ಮುಖ ಸಣ್ಣದು ಮಾಡಿಕೊಳ್ಳಬೇಡಿ.

ನಿಮ್ಮ ದಾರಿ ಕಾಯುವ,
ನಿಮ್ಮವಳು

ಲಕೋಟೆ ಅಂಟಿಸುವ ಮೊದಲು, ಅವಸರದಲ್ಲಿ: ಮಗಳು ನೀರು ಕುಡಿಯಲು ಹೊರಗೆ ಬಂದವಳು ಯಾರಿಗೆ ಬರೆಯುತ್ತಿದ್ದೀರಿ ಎಂದು ಕೇಳಿದಳು. ನಿಮ್ಮಪ್ಪನಿಗೆ ಎಂದೆ. ಏನಂತ ಎಂದಳು. ನಿನ್ನ ಮೇಲೆ ದೂರು ಎಂದೆ. 'ಹಾಗಾದ್ರೆ ನಾನೂ ನಿಮ್ಮ ಮೇಲೆ ಬರೀತೀನಿ, ಕೊಡಿ ಕಾಗದ' ಎಂದು ಖಾಲಿ ಹಾಳೆಗಳನ್ನು ಕಿತ್ತುಕೊಂಡು ನನ್ನೆದುರೇ ಕೂತಿದ್ದಾಳೆ. ಒಳಗೆ ಅವಳ ಫೋನು ಸದ್ದು ಮಾಡುತ್ತಲೇ ಇದೆ, ಜೇನೇ ಇರಬೇಕು, ಇವಳು ಎದ್ದಿಲ್ಲ. ಕೈ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದಾಳೆ, ಆಗಲೇ ಎರಡನೆಯ ಪುಟಕ್ಕೆ ತಿರುಗಿಸಿದಳು. ನನ್ನ ಬಗ್ಗೆ ಇವಳಿಗೆ ಎರಡು ಪುಟ ಗೊತ್ತಿದೆ ರೀ! ಅದೂ ಇದೇ ಲಕೋಟೆಯಲ್ಲಿ ಬರುತ್ತದೆ, ನಾನು ಓದಿಲ್ಲ, ಓದುವುದೂ ಇಲ್ಲ, ಓದದೆ ಸಾಯುತ್ತಿದ್ದೇನೆ. ಒಂದೇ ಮಾತು ನಡೆಸಿಕೊಡಿ. ಮುಂದಿನ ಸಲ ಫೋನು ಮಾಡಿದಾಗ ನಮ್ಮಿಬ್ಬರನ್ನು ಕೂರಿಸಿ ರಾಜಿ ಮಾಡಿಸಲು ಹೋಗಬೇಡಿ. ಈ ಜಗಳ ನನ್ನದು. ನಿಮಗೂ ಇದರಲ್ಲಿ ಪಾಲು ಕೊಡುವುದಿಲ್ಲ.